ಅತ್ತೆಯ ನಿದ್ದೆಗೆ ಕಾವಲು

ಇಗೋ, ಮತ್ತೆ ಕರೆದರು! ಮಗಳಿಗೆ ನೀರು, ಗಂಡನಿಗೆ ಚಾರ್ಜರ್. ನೇತ್ರಾವತಿ ಹೊಳೆಯ ದಡದ ನರಿಕೊಂಬಿನ ಈ ಮನೆಗೆ ಸೊಸೆಯಾಗಿ ಬಂದ ಮೇಲೆ ನಾನು ಒಂದು ಕನಸನ್ನೂ ಕೊನೆಯವರೆಗೆ ಕಂಡದ್ದಿಲ್ಲ. ಅರ್ಧದಲ್ಲೇ ಯಾರಾದರೂ ಎಬ್ಬಿಸುತ್ತಾರೆ, ಹೆಚ್ಚಾಗಿ ಅತ್ತೆ. ಅವರು ಬಿದ್ದು ಸೊಂಟದ ಮೂಳೆ ಮುರಿದುಕೊಂಡು ಆಸ್ಪತ್ರೆ ಸೇರಿದಾಗ ಮಾತ್ರ ಎಬ್ಬಿಸುವ ಕೆಲಸ ನನ್ನ ಪಾಲಿಗೆ ಬಂತು.

ಗೊರಕೆ

ಆಪರೇಷನ್‌ಗೆ ಮೊದಲು ಡಾಕ್ಟರು ಕೇಳಿದರು: "ಅಮ್ಮ, ಗೊರಕೆ ಉಂಟಾ?"

"ಛೆ! ಹೆಂಗಸರು ಗೊರಕೆ ಹೊಡೆಯುವುದುಂಟಾ?" ಎಂದರು ಅತ್ತೆ.

"ಉಂಟು ಡಾಕ್ಟ್ರೇ. ನಮ್ಮ ಬೆಕ್ಕು ಪಕ್ಕದ ಮನೆಯಲ್ಲಿ ಮಲಗುವುದು ಸುಮ್ಮನೆ ಅಲ್ಲ" ಎಂದೆ.

ಅತ್ತೆ ನೋಡಿದ ನೋಟಕ್ಕೆ ನನಗೇ ಅರಿವಳಿಕೆ ಕೊಟ್ಟಂತಾಯಿತು. ಡಾಕ್ಟರು ಮಾತ್ರ ನಗಲಿಲ್ಲ. "ಹೇಳಿದ್ದು ಒಳ್ಳೆಯದಾಯಿತು. ಆಮೇಲೆ ನೋವಿಗೆ ಕೊಡುವ ಇಂಜೆಕ್ಷನ್ ಜೋರಿನದು. ವಯಸ್ಸಾದವರು, ಗೊರಕೆಯವರು, ಕಿಡ್ನಿ ಸರಿ ಇಲ್ಲದವರು, ನಿದ್ದೆ ಮಾತ್ರೆ ತಿನ್ನುವವರು, ಇವರಿಗೆಲ್ಲ ಉಸಿರೇ ನಿಧಾನ ಆಗಬಹುದು. ಕಡಿಮೆ ಕೊಟ್ಟು ನೋಡುವ."

ಅತ್ತೆ ಸ್ವಲ್ಪ ಯೋಚಿಸಿದರು. "ಹಾಗಾದರೆ ಬರೆದುಕೊಳ್ಳಿ. ಗೊರಕೆ ಉಂಟು. ಆದರೆ ಸಣ್ಣದು."

ದುಬೈ ಮಾತ್ರೆ

ಆಪರೇಷನ್ ಆಯಿತು. ನೆರೆಮನೆಯ ಅಕ್ಕ ನೋಡಲು ಬಂದರು. ಅವರ ಗಂಡ ದುಬೈಯಲ್ಲಿ. ನಮ್ಮ ಕಡೆ ದುಬೈಯಿಂದ ಬಂದ ಮಾತ್ರೆಗೆ ಇಲ್ಲಿನ ಡಾಕ್ಟರಿಗಿಂತ ಮರ್ಯಾದೆ ಹೆಚ್ಚು.

"ಇದೊಂದು ನುಂಗಿದರೆ ಬೆಳಗಿನವರೆಗೆ ಒಳ್ಳೆ ನಿದ್ದೆ" ಎಂದು ಅತ್ತೆಯ ಬಾಯಿಯ ಹತ್ತಿರ ತಂದೇಬಿಟ್ಟರು.

ನಾನು ಹಾರಿ ಕೈ ಹಿಡಿದೆ. "ಬೇಡ ಅಕ್ಕಾ! ಆ ಇಂಜೆಕ್ಷನ್ ಜೊತೆ ಇದೂ ಸೇರಿದರೆ ಯಾವ ಬೆಳಗು ಅಂತ ಹೇಳಲಿಕ್ಕಾಗದು."

ಸಿಸ್ಟರ್ ಬಂದು ಮಾತ್ರೆಯನ್ನು ತೆಗೆದುಕೊಂಡರು. ಅಕ್ಕನ ಮುಖ ಸಣ್ಣಗಾಯಿತು. "ಈ ಬಾಮ್ ಆದರೂ ಇರಲಿ."

"ಕೊಡಿ, ಅದು ನನಗೆ ಬೇಕು" ಎಂದರು ಸಿಸ್ಟರ್, ಹಣೆ ಒತ್ತಿಕೊಳ್ಳುತ್ತಾ.

ಹೊಳೆ

"ಆಗಾಗ ಮಾತಾಡಿಸ್ತಾ ಇರಿ. ಉತ್ತರ ಬಾರದಿದ್ದರೆ ಕೂಡಲೇ ಕರೆಯಿರಿ" ಎಂದು ಸಿಸ್ಟರ್ ನನಗೆ ಹೇಳಿದರು. ಮದುವೆಯಾದ ಮೇಲೆ 'ಮಾತಾಡು' ಎಂದು ನನಗೆ ಹೇಳಿದವರು ಅವರೊಬ್ಬರೇ.

ಮಧ್ಯಾಹ್ನ. ಫ್ಯಾನಿನ ಗಾಳಿಗೆ ನೀಲಿ ಪರದೆ ನಿಧಾನ ಏಳುತ್ತಿತ್ತು, ಬೀಳುತ್ತಿತ್ತು. ಅತ್ತೆಯ ಗೊರಕೆ ನಿಂತಿತು. ಆ ಗೊರಕೆ ಕೇಳದೆ ಹೆದರಿಕೆಯಾದದ್ದು ಅದೇ ಮೊದಲು.

"ಅತ್ತೇ! ಅತ್ತೇ!" ಎಂದು ಭುಜ ಅಲುಗಾಡಿಸಿದೆ. "ಸಿಸ್ಟರ್!" ಎಂದು ಕೂಗಿದೆ.

ಅತ್ತೆ ಅರ್ಧ ಕಣ್ಣು ಬಿಟ್ಟರು. "ಚಪ್ಪಲಿ ಎತ್ತಿಡು. ನೇತ್ರಾವತಿ ಒಳಗೆ ಬಂದಿದ್ದಾಳೆ."

ಚಪ್ಪಲಿ ಎತ್ತಿ ಸ್ಟೂಲಿನ ಮೇಲಿಟ್ಟೆ. ಹೇಳಲಿಕ್ಕೆ ನಾಚಿಕೆ, ನನ್ನ ಕಾಲನ್ನೂ ಮೇಲೆ ತೆಗೆದುಕೊಂಡೆ. ಮಂಚ ಮೆಲ್ಲಗೆ ತೇಲಿದ ಹಾಗಿತ್ತು.

ಓಡಿ ಬಂದ ಸಿಸ್ಟರ್ ನಾಡಿ, ಉಸಿರು ನೋಡಿದರು. "ತೊಂದರೆ ಇಲ್ಲ. ಆದರೆ ಮಾತು ನಿಲ್ಲಿಸಬೇಡಿ."

ಅತ್ತೆ ನನ್ನ ಕೈ ಹಿಡಿದರು. "ಸಿಸ್ಟರೇ, ನಿಮಗೆ ಮದುವೆ ಆಗಿದೆಯಾ?"

ಅತ್ತೆ ನನ್ನನ್ನು 'ನೀವು' ಎಂದದ್ದೂ ಅದೇ ಮೊದಲು. "ಆಗಿದೆ" ಎಂದೆ.

"ಅತ್ತೆ ಇದ್ದಾರಾ?"

"ಇದ್ದಾರೆ."

ಪಕ್ಕದಲ್ಲಿ ನಿಜವಾದ ಸಿಸ್ಟರ್ 'ಹ್ಞೂಂ, ಮಾತಾಡಿ' ಎಂದು ಕೈಸನ್ನೆ ಮಾಡುತ್ತಿದ್ದರು. ಅತ್ತೆ ಕನಸಿನೊಳಗಿಂದಲೇ, ತುಂಬಾ ಕನಿಕರದಿಂದ ಕೇಳಿದರು:

"ಹೇಗೆ ಅವರು, ಜೋರಾ, ಪಾಪದವರಾ?"