ಸಾಹುಕಾರರ ಹಿತ್ತಲಿನ ರೈಲು

ನಾನು ಹುಟ್ಟಾ ಪುಕ್ಕಲ. ದೇವರು ಮಾತ್ರ ಎದೆ ನಡುಗಿಸುವ ಕೆಲಸಗಳನ್ನೇ ಹುಡುಕಿ ಹುಡುಕಿ ಹುನಗುಂದದ ನನ್ನ ಲೇತ್ ಅಂಗಡಿಗೆ ಕಳಿಸುತ್ತಾನೆ. ಹೋದ ವರ್ಷ ಇಳಕಲ್ಲಿನ ಗ್ರಾನೈಟ್ ಸಾಹುಕಾರರೊಬ್ಬರು ಬಂದು, ಹಿತ್ತಲ ತೋಟದ ಸುತ್ತ ಓಡುವ, ಮೇಲೆ ಮನುಷ್ಯರು ಕೂರುವಂಥ ಸಣ್ಣ ರೈಲು ಬೇಕೆಂದರು. ಬ್ಯಾಟರಿ ಇಂಜಿನ್ನು ಅವರೇ ತರಿಸಿದ್ದರು. ಹೊಸ ಹಳಿ, ಮೂರು ಡಬ್ಬಿ ಮಾಡುವುದು ನನ್ನ ಪಾಲಿಗೆ.

"ಮೊದಲ ನಮ್ಮವ್ವ ಕುಂದರ್ತಾಳ. ನಮ್ಮೂರಿಗೆ ರೈಲು ಬರೂದನ್ನ ಕಾದು ಕಾದು ಆಕಿಗೆ ಎಂಬತ್ತು ತುಂಬ್ಯಾವ," ಎಂದರು.

ಆಕೆಯ ಎರಡೂ ಮಂಡಿಗೆ ಆಪರೇಶನ್ ಆಗಿದೆ ಎನ್ನುವುದನ್ನು ಹೊರಡುವಾಗ ಹೇಳಿದರು. ಡಬ್ಬಿ ಮಗುಚಿ ಅಜ್ಜಿ ಬಿದ್ದರೆ ಏನು ಗತಿ? ಅವತ್ತಿನಿಂದ ನನಗೆ ಊಟ ಸೇರಲಿಲ್ಲ.

ಗೇಣು

ಹಳಿಯ ಅಗಲ ಗೇಣಿಗಿಂತ ಎರಡು ಬೆರಳು ಕಡಿಮೆ. ಅಳತೆಗೆಂದು ಕಬ್ಬಿಣದ ಪಟ್ಟಿಯೊಂದನ್ನು ಕತ್ತರಿಸಿ, ಇಪ್ಪತ್ತು ವರ್ಷದಿಂದ ನನ್ನ ಜೊತೆಗಿರುವ ವೆಲ್ಡರನ ಕೈಗೆ ಕೊಟ್ಟು ಹಳಿ ಕೂರಿಸಲು ಇಳಕಲ್ಲಿಗೆ ಕಳಿಸಿದೆ. ಆಮೇಲೆ ನಾನು ಡಬ್ಬಿ ಒಯ್ದು ಹಳಿಯ ಮೇಲಿಟ್ಟರೆ ಗಾಲಿಗಳೆಲ್ಲ ಹಳಿಗಳ ನಡುವೆ ಬಿದ್ದವು. ವೆಲ್ಡರನನ್ನು ಕರೆದು ಕೇಳಿದೆ.

"ಪಟ್ಟಿ ಎಲ್ಲೈತಿ?"

"ಮೊದಲನೇ ದಿನಾನ ಕಳದು ಹೋತ್ರಿ."

"ಮತ್ತ ಅಳತಿ?"

ಅವನು ಮೊರದಂಥ ಅಂಗೈ ಚಾಚಿದ. "ಗೇಣಿಗಿಂತ ಎರಡು ಬೆರಳು ಕಡಿಮಿ ಅಂತ ನೀವ ಹೇಳಿದ್ರೆಲ್ಲ!"

ಇಡೀ ಹಳಿ ಬಿಚ್ಚಿ ಮತ್ತೆ ಕೂರಿಸಿದೆವು. ಹೊಸ ಪಟ್ಟಿಯನ್ನು ತೂತು ಕೊರೆದು ಅವನ ಕೊರಳಿಗೇ ಕಟ್ಟಿದೆ.

ಸಿಮೆಂಟ್ ಚೀಲ

ಡಬ್ಬಿಯ ಮೇಲೆ ಸಿಮೆಂಟ್ ಚೀಲ ಹೇರಿ ಪರೀಕ್ಷೆ ಮಾಡಿದೆವು. ಐದನೇ ಚೀಲಕ್ಕೆ 'ಕಟಕ್' ಎಂದು ಗಾಲಿಯ ಅಚ್ಚು ಮುರಿಯಿತು. ದಪ್ಪ ಉಕ್ಕಿನ ಅಚ್ಚು ಹಾಕಿ ಹತ್ತು ಚೀಲ ಹೇರಿದರೆ ಏನೂ ಆಗಲಿಲ್ಲ. ಆದರೂ ಆ ಸದ್ದು ಕಿವಿ ಬಿಟ್ಟು ಹೋಗಲಿಲ್ಲ. ಮನೆಯಲ್ಲಿ ಹೆಂಡತಿ ಅಡಿಕೆ ಕತ್ತರಿಸಿದರೂ ದಿಗ್ಗನೆ ಎದ್ದು ನಿಲ್ಲುತ್ತಿದ್ದೆ.

ಸಾಹುಕಾರರಿಗೆ ಫೋನ್ ಹಚ್ಚಿ, "ಅವ್ವಾರ ತೂಕ ಎಷ್ಟೈತ್ರಿ?" ಎಂದು ಕೇಳಿದೆ.

ಆಚೆಯಿಂದ ಬಂದದ್ದು ಅಜ್ಜಿಯದೇ ದನಿ. "ಯಾಕ ತಮ್ಮಾ, ನನ್ನ ತೂಗಿ ಮಾರಾಂವ ಅದೀಯೇನು?"

ನಿಂಬೆಹಣ್ಣು

ಓಡಿಸುವ ದಿನ ಬೆಳಿಗ್ಗೆ ಪೂಜೆ. ಹೊಸ ಗಾಡಿ ಎಂದ ಮೇಲೆ ಗಾಲಿಗೆ ನಿಂಬೆಹಣ್ಣು ಬೇಕೇ ಬೇಕು. ಲಾರಿಗೆ ಇಡುವಂಥ ದಪ್ಪ ಹಣ್ಣುಗಳನ್ನೇ ಸಾಹುಕಾರರು ನಮ್ಮ ಅಂಗೈಯಗಲದ ಗಾಲಿಗಳ ಮುಂದಿಟ್ಟರು. ಪೂಜೆಗೆ ಅಡ್ಡ ಬಂದೆ ಅನ್ನಿಸಿಕೊಳ್ಳುವ ಅಂಜಿಕೆಗೆ ನಾನು ಬಾಯಿ ಬಿಡಲಿಲ್ಲ. ಇಂಜಿನ್ನು ಹಣ್ಣು ಹತ್ತಿತು, ವಾಲಿತು, ಮೆಲ್ಲಗೆ ಮಗ್ಗುಲಾಗಿ ಮಲಗಿತು. ನೆರೆದವರೆಲ್ಲ ನನ್ನ ಮುಖ ನೋಡಿದರು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಅಜ್ಜಿ ಮುಂದೆ ಬಂದು ಹಣ್ಣುಗಳನ್ನು ಆರಿಸಿ ಉಡಿಗೆ ಹಾಕಿಕೊಂಡರು. "ಗಾಡಿಗಿಂತ ಹಣ್ಣ ಗಟ್ಟಿ ಅದಾವ, ಉಪ್ಪಿನಕಾಯಿ ಹಾಕ್ತೇನಿ. ನೀವು ಅದನ್ನ ಎತ್ತಿ ನಿಂದರಸ್ರಿ, ನಾ ಕುಂದರೂದೈತಿ!"

ಅಜ್ಜಿಯ ಪ್ರಯಾಣ

ಹೊಸ ಸೀರೆ ಉಟ್ಟು, ತೊಡೆಯ ಮೇಲೊಂದು ಗಂಟು ಇಟ್ಟುಕೊಂಡು ಅಜ್ಜಿ ನಡುವಿನ ಡಬ್ಬಿಯ ಮೇಲೆ ಕೂತರು. ಇಂಜಿನ್ನು ನಡೆಸಲು ಸಾಹುಕಾರರು. ಸುಖವಾಗಿ ಒಂದು ಸುತ್ತು ಮುಗಿದರೆ ದರ್ಗಾದಲ್ಲಿ ಸಕ್ಕರೆ ಓದಿಸಿ ಹಂಚುತ್ತೇನೆಂದು ಹರಕೆ ಹೊತ್ತು, ಬಿದ್ದರೆ ಹಿಡಿಯಲೆಂದು ಎರಡೂ ಕೈ ಚಾಚಿ ನಾನು ಡಬ್ಬಿಯ ಪಕ್ಕಕ್ಕೇ ಓಡತೊಡಗಿದೆ. ಹಿಂದೆ, ಕೊರಳಲ್ಲಿ ಪಟ್ಟಿ ಜೋತುಬಿಟ್ಟುಕೊಂಡು ವೆಲ್ಡರ್.

ಪೇರಲ ಗಿಡದ ತಿರುವಿನಲ್ಲಿ ಕೇಳಿಸಿತು. ಕಟಕ್!

"ನಿಲ್ಲಸ್ರೀ!" ಎಂದು ಚೀರಿದೆ. ಗಾಡಿ ನಿಂತಿತು. ನೆಲಕ್ಕೆ ಬಿದ್ದು ತೆವಳಿ ಅಚ್ಚು ತಡವಿದೆ. ನೆಟ್ಟಗೇ ಇತ್ತು. ಅಷ್ಟರಲ್ಲಿ ಮತ್ತೊಮ್ಮೆ ಕಟಕ್! ಈ ಸಲ ಮೇಲಿನಿಂದ.

"ಅವ್ವಾರ, ಅಳಗಾಡಬ್ಯಾಡ್ರಿ! ನಿಮ್ಮ ಮಂಡಿ..."

"ನನ್ನ ಮಂಡಿಗೆ ಏನಾಗೈತಿ?"

ತಲೆಯೆತ್ತಿ ನೋಡಿದೆ. ಗಂಟು ಬಿಚ್ಚಿತ್ತು. ಅಜ್ಜಿ ಶೇಂಗಾ ಚಟ್ನಿ ಮುಂದಿಟ್ಟುಕೊಂಡು ಖಡಕ್ ರೊಟ್ಟಿ ಮುರಿಯುತ್ತಿದ್ದರು.

"ಹುಟ್ಟಿದಾಗಿಂದ ಮೊದಲನೇ ಸಲ ರೈಲು ಹತ್ತೇನಿ. ರೈಲಿನ್ಯಾಗ ಕುಂತು ಬುತ್ತಿ ಬಿಚ್ಚಬಾರದೇನು?"

ನನಗೆ ಅಳು ನಗು ಎರಡೂ ಬಂದವು. ಅಜ್ಜಿ ಅರ್ಧ ರೊಟ್ಟಿಗೆ ಚಟ್ನಿ ಸವರಿ ನನ್ನ ಕೈಗಿಟ್ಟರು. "ತಗೋ ತಮ್ಮಾ, ಅಂಜಿ ಅಂಜಿ ಹಸದೀದಿ. ಹೂಂ, ಬಿಡಪಾ ಗಾಡಿ."

ಗಾಡಿ ಹೊರಟಿತು. ಎಷ್ಟೋ ದಿನಗಳ ಮೇಲೆ ನನಗೆ ನಿಜವಾಗಿ ಹಸಿವಾಗಿತ್ತು. ಓಡುತ್ತಲೇ ರೊಟ್ಟಿ ಕಡಿದೆ. ಕಟಕ್!

"ಯಪ್ಪೋ, ಮುರೀತ್ರೀ!" ಎಂದು ಅರಚುತ್ತ ವೆಲ್ಡರ್ ಓಡಿಬಂದು ಡಬ್ಬಿಯನ್ನು ಎರಡೂ ಕೈಯಿಂದ ತಬ್ಬಿ ಹಿಡಿದ. ಸಾಹುಕಾರರು ಮತ್ತೆ ಬ್ರೇಕ್ ಹಾಕಿದರು.

ಅಜ್ಜಿ ಅವನನ್ನೂ ನನ್ನನ್ನೂ ನೋಡಿ, ನಿಟ್ಟುಸಿರು ಬಿಟ್ಟು ಗಂಟಿಗೆ ಕೈಹಾಕಿದರು. "ತಗೋಳಪಾ, ನೀನೂ ತಿನ್ನು. ಬುತ್ತಿ ಖಾಲಿ ಆಗೂತನಾ ಈ ರೈಲು ಮುಂದ ಹೋಗಾಂಗಿಲ್ಲ."