ಆರಾಧ್ಯ ಮಾವನ ಟಾರ್ಚು ಮತ್ತು ಈಜಿಪ್ಟಿನ ಬೆಕ್ಕುಗಳು

"ಕಣ್ಣು ಮಿಟುಕಿಸದೆ ಆ ಕನ್ನಡಿ ನೋಡಿ, ಕೊಟ್ರೇಶಪ್ಪನವ್ರೇ! ಒಂದು, ಎರಡು..."

ಮೂರು ಅನ್ನುವ ಮೊದಲೇ ಆರಾಧ್ಯ ಮಾವ ಗುಂಡಿ ಒತ್ತಿಬಿಟ್ಟರು. ಇಡ್ಲಿ ಪಾತ್ರೆಯ ಮುಚ್ಚಳಕ್ಕೆ ಟಾರ್ಚು, ರೇಡಿಯೊ ತಂತಿ, ಸ್ಕೂಟರಿನ ಬ್ಯಾಟರಿ ಬಿಗಿದಿದ್ದ ಯಂತ್ರದಿಂದ ನೇರಳೆ ಬೆಳಕು ಹೊರಟಿತು. ಗಾಜಿನ ಪೆಟ್ಟಿಗೆಯೊಳಗಿದ್ದ ಈಜಿಪ್ಟಿನ ತಾಮ್ರದ ಕನ್ನಡಿಗೆ ಬಡಿದು, ಪುಟಿದು, ದಾವಣಗೆರೆಯ ಮಂಡಕ್ಕಿ ವ್ಯಾಪಾರಿ ಕೊಟ್ರೇಶಪ್ಪನವರ ಹಣೆಗೆ ತಾಗಿತು.

ಕೊಟ್ರೇಶಪ್ಪ ಎರಡೂ ಕೈಯಿಂದ ಕೆನ್ನೆ ಮುಚ್ಚಿಕೊಂಡರು. "ಅಯ್ಯ, ದಿಬ್ಬಣ ಬಂದೇಬಿಡ್ತಲ್ಲ! ನನ್ ಕಣ್ಣಿಗೆ ಕಾಡಿಗಿ ಯಾರ್ ಹಚ್ತೀರೇ?" ಎಂದು ನಾಚುತ್ತ, ಪೊದೆಮೀಸೆಯ ಮೇಲೆ ಹೆಗಲ ಟವೆಲ್ಲನ್ನು ಸೆರಗಿನಂತೆ ಎಳೆದುಕೊಂಡರು.

ಪ್ರವಾಸಿಗರು ಹೋ ಎಂದು ಚಪ್ಪಾಳೆ ತಟ್ಟಿದರು. ಶರ್ವಾಣಿಗೆ ಮೈ ಜುಮ್ಮೆಂದಿತು! ಮೈಸೂರಿನ ಆ ದೊಡ್ಡ ಸಂಗ್ರಹಾಲಯದ ಪ್ರಾಚೀನ ನಾಗರಿಕತೆಗಳ ವಿಭಾಗದಲ್ಲಿ ಜನರಿಗೆ ವಿವರಣೆ ಕೊಡುವ ತಜ್ಞೆ ಅವಳು. ಓದಿದ್ದು ಬೆಟ್ಟದಷ್ಟು. ಆದರೆ ಅವಳು ಬಾಬಿಲೋನಿಗೆ ಬರುವಷ್ಟರಲ್ಲಿ ಜನ ಆಕಳಿಸುತ್ತ ಕ್ಯಾಂಟೀನಿನ ದಾರಿ ಹಿಡಿಯುತ್ತಿದ್ದರು. "ಇವತ್ತೂ ಹಾಗೇ ಆದ್ರೆ ನಾಳೆಯಿಂದ ನಿಮ್ಮ ವಿವರಣೆ ಬಂದ್! ಎಲ್ಲರ ಕಿವಿಗೂ ಮಾತಾಡೋ ಡಬ್ಬಿ!" ಎಂದು ನಿರ್ದೇಶಕ ಗೋಪಾಲರಾಜೇ ಅರಸರು ಗುಡುಗಿದ್ದರು. ಅದಕ್ಕೇ ಅವಳು ಸೋದರಮಾವನನ್ನು ಕರೆಸಿದ್ದು.

"ಮಾವ, ಅಪಾಯ ಏನೂ ಇಲ್ಲ ತಾನೆ?"

"ಹೋಗೇ! ಹಳೇ ವಸ್ತುಗಳಿಗೆ ಹಳೇ ನೆನಪು ಅಂಟ್ಕೊಂಡಿರುತ್ತೆ. ನನ್ನ ಟಾರ್ಚು ಅದನ್ನ ಕೆರೆದು ನೋಡೋರ ತಲೆಗೆ ಹಾಕುತ್ತೆ, ಅಷ್ಟೇ. ಗುಂಡಿ ಬಿಟ್ಟರೆ ಎಲ್ಲಾ ಮೊದಲಿನ ಹಾಗೆ!"

ಗುಂಡಿ ಬಿಟ್ಟದ್ದೇ ಕೊಟ್ರೇಶಪ್ಪ ಮತ್ತೆ ಕೊಟ್ರೇಶಪ್ಪನಾದರು.

ಮುಂದಿನ ಸರದಿ ಅವರ ಹೆಂಡತಿ ಹಾಲಮ್ಮನವರದು. ಬೆಳಕು ರೋಮಿನ ದಳಪತಿಯ ಶಿರಸ್ತ್ರಾಣಕ್ಕೆ ತಾಗಿ ಅವರ ಮೇಲೆ ಬಿತ್ತು. ಹಾಲಮ್ಮ ಎದೆಯುಬ್ಬಿಸಿ ಅಬ್ಬರಿಸಿದರು: "ಏ ಕೊಟ್ರ್ಯಾ! ನೆಟ್ಟಗ ನಿಂದ್ರು! ಹೊಟ್ಟಿ ಒಳಗ ಎಳಕೋ!"

ಕೊಟ್ರೇಶಪ್ಪ ನೆಟ್ಟಗೆ ನಿಂತು ಮಾವನ ಕಿವಿಯಲ್ಲಿ ಕೇಳಿದರು: "ಯಾವಾಗ ಶುರು ಆಗ್ತೈತ್ರೀ ಇದು?"

ನಗುವಿನ ಸದ್ದಿಗೆ ಅರಸರೇ ಓಡಿಬಂದರು. "ಏನ್ರೀ ಇದು ಸರ್ಕಸ್ಸು? ಕೊಡಿ ಇಲ್ಲಿ ಆ ಇಡ್ಲಿ ಪಾತ್ರೆ!"

"ಸಾರ್, ಎಳೀಬೇಡಿ! ಸೂಕ್ಷ್ಮ ಯಂತ್ರ!"

"ಸೂಕ್ಷ್ಮವಂತೆ! ಬಿಡ್ರೀ!"

ಇಬ್ಬರೂ ಜಗ್ಗಾಡಿದರು. ಟಕ್ ಎಂದು ಗುಂಡಿ ಒಳಗೇ ಸಿಕ್ಕಿಕೊಂಡಿತು! ಯಂತ್ರ ಕೈಜಾರಿ ನೆಲಕ್ಕೆ ಬಿದ್ದು, ಅದರ ಬೆಳಕು ಎದುರಿನ ಪೆಟ್ಟಿಗೆಗೆ ಬಡಿಯಿತು. ಅದರೊಳಗೆ ಈಜಿಪ್ಟಿನವರು ಬಟ್ಟೆ ಸುತ್ತಿ ಕಾಪಾಡಿಟ್ಟಿದ್ದ ಬೆಕ್ಕುಗಳ ಸಾಲೇ ಇತ್ತು. ಬೆಳಕು ಪುಟಿದು ಇಡೀ ಗುಂಪನ್ನೂ ಮುಳುಗಿಸಿತು. ಕಂಬದ ಹಿಂದಿದ್ದ ಶರ್ವಾಣಿ ಒಬ್ಬಳೇ ಉಳಿದಳು.

"ಮ್ಯಾಂವ್," ಎಂದರು ನಿರ್ದೇಶಕರು.

"ಮಾವ, ಆಫ್ ಮಾಡಿ!" ಎಂದು ಶರ್ವಾಣಿ ಚೀರಿದಳು. ಮಾವ ಮಂಡಿಯೂರಿ ತಮ್ಮ ಮೊಣಕೈ ನೆಕ್ಕಿಕೊಳ್ಳಲು ಹೆಣಗುತ್ತಿದ್ದರು. ಹಾಲಮ್ಮ ಗಂಡನತ್ತ ಬುಸುಗುಟ್ಟಿದರು. ಶರ್ವಾಣಿ ಗುಂಡಿ ಎಳೆದಳು, ತಿರುವಿದಳು, ಗುದ್ದಿದಳು. ಅದು ಜಪ್ಪಯ್ಯ ಅನ್ನಲಿಲ್ಲ! ಬಿಗಿದಿದ್ದ ತಂತಿಯೂ ಕಿತ್ತು ಬರಲಿಲ್ಲ, ಬ್ಯಾಟರಿ ಮುಗಿಯುವ ತನಕ ಕಾಯುವುದೊಂದೇ ದಾರಿ.

ಅಷ್ಟರಲ್ಲಿ ಅರಸರು ಸೂಟುಬೂಟಿನ ಸಮೇತ ಗ್ರೀಕರ ವಿಭಾಗದ ಕಲ್ಲುಕಟ್ಟೆ ಏರಿದ್ದರು. ಅಲ್ಲಿ ಚಿತ್ರ ಬರೆದ ಮಣ್ಣಿನ ಹೂಜಿಯಿತ್ತು, ಸಂಗ್ರಹಾಲಯದ ಕಣ್ಮಣಿ! ಒರೆಸಲೆಂದು ಅದರ ಗಾಜಿನ ಗೂಡನ್ನು ಅಂದೇ ತೆಗೆದಿಟ್ಟಿದ್ದರು. ಅರಸರು ಅದನ್ನೇ ನೋಡುತ್ತ ಮೆಲ್ಲಗೆ ಕೈ ಚಾಚಿ ಒಮ್ಮೆ ತಟ್ಟಿದರು. ಹೂಜಿ ಅಂಚಿಗೆ ಸರಿಯಿತು. ಮತ್ತೊಮ್ಮೆ ತಟ್ಟಲು ಕೈಯೆತ್ತಿದರು!

ಶರ್ವಾಣಿ ಮುಂದಿಟ್ಟ ಹೆಜ್ಜೆ ಹಿಂದೆಗೆದಳು. ಓಡಿದರೆ ಬೆಕ್ಕು ಬೆದರಿ ಹಾರುತ್ತದೆ, ಹೂಜಿ ಚೂರಾಗುತ್ತದೆ. ಆಗ ಹೊಳೆಯಿತು: ಇವು ಬೀದಿಬೆಕ್ಕುಗಳಲ್ಲ, ಬೆಕ್ಕಿನ ಮುಖದ ದೇವತೆ ಬಾಸ್ತೆತ್‌ಳ ಗುಡಿಯವು. ಅಲ್ಲಿ ಪೂಜೆಯ ಹೊತ್ತಿಗೆ ಲೋಹದ ಗಿಲಕಿ ಆಡಿಸುತ್ತಿದ್ದರು! ಅವಳು ಸೊಂಟದ ಬೀಗದಕೈ ಗೊಂಚಲು ಕಿತ್ತು ತಾಳಬದ್ಧವಾಗಿ ಕುಲುಕಿದಳು. ಘಲ್, ಘಲ್, ಘಲ್!

ಎಲ್ಲರ ತಲೆಗಳೂ ಒಟ್ಟಿಗೆ ತಿರುಗಿದವು. ಅರಸರು ಕೈ ಇಳಿಸಿದರು. ಕಟ್ಟೆಯಿಂದ ಮೆತ್ತಗೆ ಇಳಿದು ಅವಳ ಕಾಲಿಗೆ ಕೆನ್ನೆ ಉಜ್ಜಿದರು.

"ಬನ್ನಿ ಬನ್ನಿ, ನೈಲ್ ನದಿಯ ಮಕ್ಕಳೇ!" ಎಂದು ಶರ್ವಾಣಿ ಹೊರಟಳು. ಹಿಂದೆ ಇಡೀ ಗುಂಪು ನಾಲ್ಕು ಕಾಲಿನಲ್ಲಿ! ಹೆದರಿಕೆ ಎಲ್ಲಿ ಹೋಯಿತೋ ಅವಳಿಗೇ ತಿಳಿಯಲಿಲ್ಲ. ಬಾಬಿಲೋನಿನ ಹೆಬ್ಬಾಗಿಲ ಮುಂದೆ ಸಿಂಹದಂತೆ ಗರ್ಜಿಸಿದಳು. ರೋಮಿನ ಬೀದಿಯಲ್ಲಿ ಮೀನು ಮಾರಿದಳು. ಬಾಯಿಪಾಠ ಮಾಡಿಟ್ಟುಕೊಂಡಿದ್ದ ಇಸವಿಗಳೆಲ್ಲ ಮರೆತುಹೋಗಿ, ಬದುಕಿದ್ದ ಜನರ ಕತೆಗಳೇ ಬಾಯಿಗೆ ಬಂದವು. ಮೂಲೆಯಲ್ಲಿ ಇಲಿಯೊಂದು ಸರಿದಾಗ ಹೊರತು, ಅಷ್ಟೂ ಜೋಡಿ ಕಣ್ಣುಗಳು ಅವಳನ್ನು ಬಿಟ್ಟು ಕದಲಲಿಲ್ಲ. ಇಂಥ ಪ್ರವಾಸ ಅವಳು ಎಂದೂ ಮಾಡಿಸಿರಲಿಲ್ಲ!

ಸಿಂಧೂ ಕಣಿವೆಯ ಮುದ್ರೆಗಳ ಹತ್ತಿರ ಬರುವಾಗ ಬ್ಯಾಟರಿ ಸತ್ತಿತು. ಎಲ್ಲರೂ ಮಂಡಿ ಒರೆಸಿಕೊಳ್ಳುತ್ತ ಎದ್ದರು.

ಅರಸರು ಟೈ ನೆಟ್ಟಗೆ ಮಾಡಿಕೊಂಡು, ಗೋಡೆ ನೋಡುತ್ತ ಹೇಳಿದರು: "ಬಾಬಿಲೋನು... ಬಹಳ ಚೆನ್ನಾಗಿತ್ತು ಕಣಮ್ಮ. ಡಬ್ಬಿ ಬೇಡ, ನೀವೇ ಮುಂದುವರಿಸಿ. ಈ ಮಹಾಶಯರು ಮಾತ್ರ ಗೇಟಿನೊಳಗೆ ಬರಕೂಡದು!"

"ಸಣ್ಣ ಲೋಪ ಸಾರ್, ಸರಿಮಾಡ್ತೀನಿ!" ಎಂದರು ಮಾವ.

ಮಾರನೆಯ ದಿನದಿಂದ ಸಂಗ್ರಹಾಲಯದಲ್ಲಿ ಒಂದೇ ಒಂದು ಇಲಿಯೂ ಕಾಣಿಸಲಿಲ್ಲ. ಅಂದಿನ ಗುಂಪಿನಲ್ಲಿ ಮುಕ್ಕಾಲು ಪಾಲು ಜನ ಸಸ್ಯಾಹಾರಿಗಳಾಗಿದ್ದರಿಂದ, ಆ ಬಗ್ಗೆ ಯಾರೂ ಯಾರನ್ನೂ ಏನೂ ಕೇಳಲಿಲ್ಲ.