ಬಾಲ್ಕನಿಯಲ್ಲಿ ಬನಿಯನ್

ಗೃಹಸ್ಥನಾದವನು ಅಭಿಪ್ರಾಯಗಳನ್ನು ಹೊರಗೆ, ಒಳಉಡುಪುಗಳನ್ನು ಒಳಗೆ ಇಟ್ಟುಕೊಂಡರೆ ಮರ್ಯಾದೆಯಿಂದ ಬಾಳಬಹುದು ಎಂದು ನಾನು ಬಹುಕಾಲ ನಂಬಿದ್ದೆ. ನನ್ನ ಅಭಿಪ್ರಾಯಗಳೋ ಬಲು ಲಕ್ಷಣವಾದವು. ಐರ್ಲೆಂಡಿನ ಲಿಮೆರಿಕ್ ಊರಿನ ನಮ್ಮ ಆಫೀಸಿನ ಕ್ಯಾಂಟೀನಿನಲ್ಲಿ ಊಟದ ಹೊತ್ತಿಗೆ ಅವನ್ನು ಒಂದೊಂದಾಗಿ ಹೊರತೆಗೆದು ಎಲ್ಲರಿಗೂ ತೋರಿಸುತ್ತಿದ್ದೆ. ಭೂಮಿ ಬಿಸಿಯಾಗುತ್ತಿದೆ, ಯೂರೋಪು ಇನ್ನೂ ಚುರುಕಾಗಬೇಕು ಎನ್ನುತ್ತಿದ್ದೆ. ಗಾಳಿಯಿಂದಲೇ ಕರೆಂಟು ತೆಗೆಯಬೇಕು, ಹೆಣ್ಣುಗಂಡು ಸಮಾನವಾಗಬೇಕು, ನಮ್ಮ ಫೋಟೋ ನಮ್ಮ ಮಾಹಿತಿ ನಮ್ಮ ಕೈಯಲ್ಲೇ ಇರಬೇಕು ಎನ್ನುತ್ತಿದ್ದೆ. ಇಷ್ಟನ್ನೂ ಹೇಳಿ, ನಡೆದು ಹೋಗಬಹುದಾದ ಮನೆಗೆ ಕಾರಿನಲ್ಲಿ ಹೋಗುತ್ತಿದ್ದೆ. ಯೂರೋಪು ಬದಲಾಗುವುದಕ್ಕೆ ನನ್ನ ಸಂಪೂರ್ಣ ಬೆಂಬಲವಿತ್ತು. ಆ ಬದಲಾವಣೆ ಯೂರೋಪಿನ ಕಾನೂನು ಮಾಡುವ ಬ್ರಸೆಲ್ಸಿನಲ್ಲಿ ಆಗಲಿ, ನಮ್ಮ ಮೂರನೇ ಮಹಡಿಯ ಫ್ಲ್ಯಾಟಿಗೆ ಬರುವುದು ಬೇಡ ಎಂಬುದಷ್ಟೇ ನನ್ನ ಷರತ್ತು. ಅದು ಬಂದೇಬಂತು. ಬ್ರಸೆಲ್ಸಿನಿಂದಲ್ಲ, ಮೈಸೂರಿನಿಂದ, ನಮ್ಮ ಅತ್ತೆಯವರ ಜೊತೆಯಲ್ಲಿ.

ಅತ್ತೆ ಲಲಿತಮ್ಮನವರು ಹೈಸ್ಕೂಲಿನ ಹೆಡ್‌ಮಿಸ್ ಆಗಿದ್ದು ನಿವೃತ್ತರಾದವರು. ನಿವೃತ್ತಿ ಸ್ಕೂಲಿನಿಂದ ಮಾತ್ರ. ಅವರು ನಮ್ಮ ಮನೆಗೆ ಬರಬೇಕೆಂದು ನನ್ನ ಹೆಂಡತಿ ವೀಣಾ ವರ್ಷಗಟ್ಟಲೆ ಕಾದಿದ್ದಳು. ಮೊದಲು ಮಾವನವರ ಆರೋಗ್ಯ, ಆಮೇಲೆ ಅವರಿಲ್ಲದ ವರ್ಷಗಳ ದುಃಖ, ಕೊನೆಗೆ ವೀಸಾ, ಹೀಗೆ ಮುಂದಕ್ಕೆ ಹೋಗಿ ಹೋಗಿ ಈ ವಸಂತದಲ್ಲಿ ಅಂತೂ ಬಂದಿಳಿದರು. ಬಂದ ಮೊದಲ ವಾರವೇ ಮನೆಯ ತಪಾಸಣೆ ನಡೆಯಿತು. ನನ್ನ ಮಗಳು ಇಂಚರಳ ಕನ್ನಡಕ್ಕೆ "ಅರ್ಥ ಆಗತ್ತೆ, ಬಾಯಿಗೆ ಬರಲ್ಲ" ಎಂಬ ಷರಾ ಬಿತ್ತು. ಬಟ್ಟೆ ಒಣಗಿಸುವ ಡ್ರೈಯರಿನ ಮುಂದೆ ಮಾತ್ರ ಅವರು ಬಹಳ ಹೊತ್ತು ನಿಂತರು.

"ಇದೇನು ರಘು, ಬಟ್ಟೆಗೆ ಜ್ವರ ಬರಿಸೋ ಮಷೀನಾ?"

"ಇಲ್ಲಿ ಮಳೆ ಜಾಸ್ತಿ ಅಲ್ವಾ ಅತ್ತೆ, ಇದಿಲ್ದೆ ಆಗಲ್ಲ" ಎಂದೆ, ನಾನೇ ಕಂಡುಹಿಡಿದವನ ಹಾಗೆ.

ಅವರ ಇಳಕಲ್ ಸೀರೆಯನ್ನು ನಾನೇ ಉತ್ಸಾಹದಿಂದ ಅದರೊಳಗೆ ಹಾಕಿದೆ. ಒಳಗೆ ಹೋದದ್ದು ಸೀರೆ, ಹೊರಗೆ ಬಂದದ್ದು ಕರಿದ ಹಪ್ಪಳ. ಅತ್ತೆ ಏನೂ ಅನ್ನಲಿಲ್ಲ. ಹೆಡ್‌ಮಿಸ್ ಆಗಿದ್ದವರು ಏನೂ ಅನ್ನದಿದ್ದರೆ ಬೆಂಚಿನ ಮೇಲೆ ನಿಂತಷ್ಟೇ ಅವಮಾನವಾಗುತ್ತದೆ. ಸ್ವಲ್ಪ ಹೊತ್ತಿನ ಮೇಲೆ ಬಾಲ್ಕನಿಯ ಕಡೆ ನೋಡಿ, "ಇಷ್ಟು ಚೆನ್ನಾಗಿ ಬಿಸಿಲು ಬಿದ್ದಿದೆಯಲ್ಲ, ಇಲ್ಲೊಂದು ಹಗ್ಗ ಕಟ್ಟಬಾರದಾ?" ಎಂದು ಕೇಳಿದರು.

"ಕಟ್ಟೋ ಹಾಗಿಲ್ಲಮ್ಮ, ರೂಲ್ ಇದೆ. ಬಾಲ್ಕನಿಲಿ ಬಟ್ಟೆ ಹಾಕಿದ್ರೆ ಬಿಲ್ಡಿಂಗ್ ಅಂದ ಕೆಡತ್ತಂತೆ" ಎಂದಳು ವೀಣಾ.

"ಯಾರು ಮಾಡಿದ್ದು ಈ ರೂಲು?"

"ನಾವೇ. ಓನರ್‌ಗಳ ಸಂಘ."

"ನೀವೇ ಬರೆದಿದ್ದು ತಾನೆ? ನೀವೇ ಅಳಿಸಿ" ಎಂದು ಒಳಗೆ ಹೋದರು.

ಮರುದಿನ ನಾವಿಬ್ಬರೂ ಆಫೀಸಿಗೆ, ಇಂಚರ ಸ್ಕೂಲಿಗೆ ಹೋದ ಮೇಲೆ ಅತ್ತೆ ಎಲ್ಲಿಂದಲೋ ಹಗ್ಗ ಹುಡುಕಿ ಬಾಲ್ಕನಿಗೆ ಕಟ್ಟಿದರು. ಹಪ್ಪಳವಾಗಿದ್ದ ಸೀರೆಯನ್ನು ಮತ್ತೆ ನೆನೆಸಿ, ಹಿಂಡಿ, ಉದ್ದಕ್ಕೆ ಹರವಿದರು. ಬರೀ ತಮ್ಮದೊಂದನ್ನೇ ಒಗೆಯುವುದು ಸಣ್ಣತನವೆಂದು ಅಳಿಯನ ಬನಿಯನ್ನುಗಳನ್ನೂ ಒಗೆದು ಪಕ್ಕದಲ್ಲಿ ಸಾಲಾಗಿ ತೂಗುಹಾಕಿದರು. ನನ್ನ ಬನಿಯನ್ನುಗಳ ಬಗ್ಗೆ ಎರಡು ಮಾತು ಹೇಳಬೇಕು. ಪ್ರತಿಸಲ ಊರಿಗೆ ಹೋದಾಗ ಒಂದು ಡಜನ್ ತರುತ್ತೇನೆ. ಹೊಸದನ್ನು ಜೋಪಾನವಾಗಿ ಎತ್ತಿಟ್ಟು ಹಳೆಯದನ್ನೇ ತೊಡುತ್ತೇನೆ. ಬನಿಯನ್ನು ಮೈಗೆ ಒಗ್ಗುವ ಹೊತ್ತಿಗೆ ಅದರಲ್ಲಿ ಗಾಳಿ ಬೆಳಕು ಧಾರಾಳವಾಗಿ ಆಡುತ್ತಿರುತ್ತದೆ. ಅವುಗಳನ್ನು ಹೆಂಡತಿ ಮಗಳಲ್ಲದೆ ಬೇರೆ ಯಾರೂ ನೋಡಿದವರಿಲ್ಲ. ಅಂದಿನವರೆಗೆ.

ಅದು ನಗರಸಭೆಯ ಚುನಾವಣೆಯ ಕಾಲ. ಈ ದೇಶದ ಪ್ರಜೆಗಳಲ್ಲದಿದ್ದರೂ ಇಲ್ಲಿ ವಾಸವಿರುವ ನಮಗೂ ಆ ಚುನಾವಣೆಯಲ್ಲಿ ಓಟು ಉಂಟು. ಹಾಗಾಗಿ ಅಭ್ಯರ್ಥಿಗಳು ನಮ್ಮ ಬಾಗಿಲನ್ನೂ ತಟ್ಟುತ್ತಾರೆ. ಹಸಿರು ವಿಚಾರಗಳನ್ನೂ ಡಿಜಿಟಲ್ ಹಕ್ಕುಗಳನ್ನೂ ಹಿಡಿದು ಸ್ವತಂತ್ರವಾಗಿ ನಿಂತಿದ್ದ ಈಫಾ ಎಂಬ ಹುಡುಗಿ ಅಂದು ಸೈಕಲ್ಲಿನಲ್ಲಿ ನಮ್ಮ ಬೀದಿಗೆ ಬಂದಳು. ಅವಳ ಹೆಸರನ್ನು ಬರೆಯುವ ರೀತಿಗೂ ಕರೆಯುವ ರೀತಿಗೂ ಏನೇನೂ ಸಂಬಂಧವಿಲ್ಲ. ಪೋಸ್ಟರಿನಲ್ಲಿ ಓದಿಕೊಂಡಿದ್ದ ನಾನು ತಿಂಗಳುಗಟ್ಟಲೆ ಅವಳನ್ನು 'ಅಯೋಯ್ಫೆ' ಎಂದೇ ತಿಳಿದು, ಏನೋ ನೋವಾಗಿ ಕೂಗಿದ ಹಾಗಿದೆಯಲ್ಲ ಎಂದುಕೊಂಡಿದ್ದೆ. ಈಫಾ ತಲೆ ಎತ್ತಿದಳು. ಶಾನನ್ ನದಿಯ ಗಾಳಿಗೆ ಮೂರನೇ ಮಹಡಿಯಿಂದ ಕೆಂಪು ಸೆರಗಿನ ಸೀರೆ ಬಾವುಟದಂತೆ ಹಾರುತ್ತಿತ್ತು. ಅವಳು ಮೊಬೈಲು ತೆಗೆದು ಕ್ಲಿಕ್ಕಿಸಿ, 'ಇದೇ ನಮ್ಮ ನಾಳೆಯ ಇಂಧನ: ಗಾಳಿ ಮತ್ತು ಬಿಸಿಲು' ಎಂದು ಬರೆದು ಊರಿಗೆಲ್ಲ ಹಂಚಿದಳು.

ನಾನು ಆಗ ಮೀಟಿಂಗಿನಲ್ಲಿದ್ದೆ. ಪಕ್ಕದಲ್ಲಿ ಕೂರುವ ಶಾನ್ ಮೊಬೈಲನ್ನು ಮೆಲ್ಲಗೆ ನನ್ನ ಕಡೆ ತಳ್ಳಿ, "ಇದು ನಿಮ್ಮ ಬಿಲ್ಡಿಂಗ್ ಅಲ್ವಾ?" ಎಂದ. ನೋಡಿದೆ. ಸೀರೆ ಅದ್ಭುತವಾಗಿತ್ತು. ಅದರ ಪಕ್ಕದಲ್ಲಿ, ತೂತುಗಳ ಮೂಲಕ ಐರ್ಲೆಂಡಿನ ನೀಲಿ ಆಕಾಶವನ್ನು ತೋರಿಸುತ್ತ, ನನ್ನ ಬನಿಯನ್ನುಗಳಿದ್ದವು.

"ಯಾರದೋ ಪಾಪ" ಎಂದೆ.

"ಬಾಗಿಲ ಗಾಜಿನೊಳಗೆ ನಿನ್ನ ಮಗಳ ಗಿಟಾರ್ ಕಾಣ್ತಿದೆ" ಎಂದ ಶಾನ್. ಅವನು ಟೆಸ್ಟಿಂಗ್ ವಿಭಾಗದವನು. ಸಣ್ಣ ತಪ್ಪನ್ನು ಹುಡುಕುವುದೇ ಅವನ ಹೊಟ್ಟೆಪಾಡು.

ಸಂಜೆ ಮನೆಗೆ ಓಡಿ ಬಂದರೆ ಅಲ್ಲಿ ಇನ್ನೊಂದು ಕಥೆ. ಸಂಘದ ಅಧ್ಯಕ್ಷ ಡೆಕ್ಲನ್ ಬಂದು ಹೋಗಿದ್ದರು. ಕೆಳಗಿನ ಮಹಡಿಯಲ್ಲಿ ಒಬ್ಬರೇ ಇರುವ ವಯಸ್ಸಾದವರು, ಭಾರಿ ಸಂಕೋಚದ ಮನುಷ್ಯ. 'ಸೀರೆ ಗ್ರ್ಯಾಂಡ್ ಆಗಿದೆ, ಆದರೆ ರೂಲ್ ಅಂದರೆ ರೂಲ್' ಎಂದು ಅತ್ತೆಗೆ ಹೇಳಿ, ಕಾಫಿ ಕುಡಿದು, ಮುಂದಿನ ವಾರದ ಸಭೆಯಲ್ಲಿ ಮಾತಾಡೋಣ, ಅಲ್ಲಿಯವರೆಗೆ ಒಳಗಿಟ್ಟುಕೊಳ್ಳಿ ಎಂದು ಕೇಳಿಕೊಂಡಿದ್ದರಂತೆ. ಅತ್ತೆ ಅರ್ಧ ಒಣಗಿದ ಸೀರೆಯನ್ನು ತೊಡೆಯ ಮೇಲಿಟ್ಟುಕೊಂಡು ಸೋಫಾದಲ್ಲಿ ಕೂತಿದ್ದರು.

"ಕದ್ದ ಮಾಲಿನ ಹಾಗೆ ಸೀರೆ ಬಚ್ಚಿಟ್ಕೊಂಡು ಇಲ್ಲಿ ಇರೋಕೆ ನನ್ನ ಕೈಲಾಗಲ್ಲ ವೀಣಾ. ನನಗೆ ವಾಪಸ್ ಟಿಕೆಟ್ ಮಾಡಿಸ್ಬಿಡು" ಎಂದರು.

ವೀಣಾ ಅಡುಗೆಮನೆಗೆ ಹೋದಳು. ನಾನು ಹಿಂದೆಯೇ ಹೋದೆ. ನಲ್ಲಿ ಬಿಟ್ಟುಕೊಂಡು, ತೊಳೆದಿದ್ದ ಲೋಟವನ್ನೇ ಮತ್ತೆ ತೊಳೆಯುತ್ತಿದ್ದಳು. "ಎಷ್ಟ್ ವರ್ಷ ಆದ್ಮೇಲೆ ಬಂದಿದಾರ್ರೀ ಅಮ್ಮ" ಎಂದಳಷ್ಟೆ. ಬನಿಯನ್ನಿನ ವಿಷಯ ಎತ್ತುವುದಕ್ಕೆ ಇದು ಸಮಯವಲ್ಲ ಎಂದು ನನಗೂ ತಿಳಿಯಿತು. ಆದರೂ ಸುಮ್ಮನಿರಲಾರದೆ ಈಫಾಳಿಗೆ ಒಂದು ಖಡಕ್ ಸಂದೇಶ ಕಳಿಸಿದೆ: ಡಿಜಿಟಲ್ ಹಕ್ಕಿನ ಬಗ್ಗೆ ಭಾಷಣ ಮಾಡುವ ನೀವೇ ನನ್ನ ಅನುಮತಿಯಿಲ್ಲದೆ ನನ್ನ ಬನಿಯನ್ನನ್ನು ಸಾರ್ವಜನಿಕಗೊಳಿಸಿದ್ದೀರಿ.

ಮರುದಿನವೇ ಅವಳು ಬಾಗಿಲಿಗೆ ಬಂದಳು. ಮುಖವೆಲ್ಲ ಕೆಂಪಾಗಿತ್ತು. ತಪ್ಪಾಯಿತು, ಅದರಲ್ಲಿ ಮನುಷ್ಯರಿಲ್ಲ ಅಂತ ಹಾಕಿಬಿಟ್ಟೆ, ಈಗ ಅಳಿಸಿದ್ದೇನೆ ಎಂದಳು. ಕ್ಷಮಿಸುವುದಕ್ಕೆ ನಾನು ಗಂಟಲು ಸರಿಮಾಡಿಕೊಳ್ಳುತ್ತಿದ್ದೆ. ಅಷ್ಟರಲ್ಲಿ ಅತ್ತೆ ಹೊರಗೆ ಬಂದರು.

"ಏನಂತೆ? ಅಳಿಸಿಬಿಟ್ಲಾ? ಯಾರನ್ನ ಕೇಳಿ ಅಳಿಸಿದ್ಲು? ಸೀರೆ ನಂದಲ್ವಾ? ಮೈಸೂರಿಗೆಲ್ಲ ಕಳಿಸಿದೀನಿ, ಎಲ್ರೂ ಮತ್ತೆ ಮತ್ತೆ ನೋಡ್ತಿದಾರೆ!"

ನಾನು ಇದನ್ನು ಇಂಗ್ಲಿಷಿನಲ್ಲಿ ತಿಳಿಸಿದಾಗ ಈಫಾ ನಿಜವಾಗಿ ಕಕ್ಕಾಬಿಕ್ಕಿಯಾದಳು. ಒಂದೇ ಫೋಟೋ, ಅರ್ಧಕ್ಕೆ ಒಪ್ಪಿಗೆಯಿದೆ, ಅರ್ಧಕ್ಕೆ ಇಲ್ಲ. ಕೊನೆಗೆ ಒಂದು ದಾರಿ ಹೊಳೆದು, ಬನಿಯನ್ನುಗಳ ಮೇಲೆ ಒಂದೊಂದು ಹಸಿರೆಲೆಯ ಚಿತ್ರ ಅಂಟಿಸಿ ಮತ್ತೆ ಹಾಕಿದಳು. ಮೊದಲು ಹತ್ತು ಜನ ಬನಿಯನ್ನು ಎಂದು ಕಡೆಗಣಿಸಿದ್ದನ್ನು ಈಗ ಊರೇ ಕಣ್ಣರಳಿಸಿ ನೋಡತೊಡಗಿತು. ಎಲೆ ಮುಚ್ಚಬೇಕಾದಂಥದ್ದು ಏನಿದೆ ಎಂದು ತರಹೇವಾರಿ ಊಹೆಗಳು ಹಬ್ಬಿದವು. ಶಾನ್, ಎಲೆ ಬೇಕಾದೀತು ಎಂದು, ನನ್ನ ಮೇಜಿನ ಮೇಲೆ ಒಂದು ಗಿಡದ ಕುಂಡ ತಂದಿಟ್ಟ.

ಸಭೆಯ ಸಂಜೆ ಕೆಳಗಿನ ಹಾಲ್ ತುಂಬಿಹೋಗಿತ್ತು. ಅತ್ತೆ ಅದೇ ಇಳಕಲ್ ಸೀರೆಯುಟ್ಟು ಮುಂದಿನ ಸಾಲಿನಲ್ಲಿ ಕೂತರು. ಅವರಿಗೆ ಇಂಗ್ಲಿಷ್ ಬರುತ್ತದೆ. ಸಿಟ್ಟು ಬಂದಾಗ ಮಾತ್ರ ಬರುವುದಿಲ್ಲ. ಹಾಗಾಗಿ ಅನುವಾದ ನನ್ನ ಪಾಲಿಗೆ ಬಂತು. ಡೆಕ್ಲನ್ ನಿಯಮವನ್ನು ಓದಿ, ಮೇಡಮ್ ಏನಾದರೂ ಹೇಳುವುದಿದೆಯೇ ಎಂದರು. ಅತ್ತೆ ಎದ್ದು ನಿಂತರು. ಹಾಲ್ ತಾನಾಗಿ ನೆಟ್ಟಗೆ ಕೂತಿತು.

"ನಿಮ್ಮ ದೇಶಕ್ಕೆ ಬಿಸಿಲು ಬರೋದು ಅಪರೂಪ. ಬಂದಾಗ ಬಾಗಿಲು ಹಾಕ್ಕೊಂಡು, ಒಳಗೆ ಕರೆಂಟಲ್ಲಿ ಬಟ್ಟೆ ಒಣಗಿಸ್ತೀರಿ. ಮನೆಗೆ ಬಂದ ನೆಂಟರಿಗೆ ಒಂದು ಲೋಟ ನೀರೂ ಕೊಡದೆ ಕಳಿಸಿದ ಹಾಗಲ್ವಾ ಇದು?"

ಇದನ್ನು ನಾನು ನಿಷ್ಠೆಯಿಂದಲೇ ಹೇಳಿದೆ. ಡೆಕ್ಲನ್ ಕನ್ನಡಕ ತೆಗೆದು ಒರೆಸಿಕೊಂಡರು. ಅವರ ತಾಯಿ ಬೆಳಿಗ್ಗೆ ಬಾಗಿಲು ತೆಗೆದು ಆಕಾಶ ನೋಡಿ, 'ಇವತ್ತು ಒಳ್ಳೇ ಒಣಗೋ ದಿನ' ಎಂದು ಅಕ್ಕಪಕ್ಕದವರಿಗೆಲ್ಲ ಕೂಗಿ ಹೇಳುತ್ತಿದ್ದರಂತೆ. ಆ ಮಾತನ್ನು ಕೇಳಿ ಎಷ್ಟೋ ಕಾಲವಾಯಿತು ಎಂದರು. ಹಿಂದಿನ ಸಾಲಿನಲ್ಲಿ ಯಾರೋ ಮೂಗು ಸೀಟಿದ ಸದ್ದಾಯಿತು. ಕೆಲಸ ಆಯಿತು ಎಂದು ವೀಣಾ ನನ್ನ ಕೈ ಅದುಮಿದಳು.

ಅಲ್ಲಿಗೇ ನಿಲ್ಲಿಸಬಹುದಿತ್ತು. ಆದರೆ ಹೆಡ್‌ಮಿಸ್ ಆದವರು ಪಾಠ ಮುಗಿಸಿ ಪ್ರಶ್ನೆ ಕೇಳದೆ ಬಿಡುವುದಿಲ್ಲ.

"ಇನ್ನೊಂದು ಮಾತು. ಇಲ್ಲಿರೋ ಗಂಡಸರಲ್ಲಿ ಮನೇಲಿ ಬಟ್ಟೆ ಒಣಗಿಹಾಕೋರು ಯಾರ್ಯಾರು? ಕೈ ಎತ್ತಿ ನೋಡೋಣ."

ನಾನು ಗಂಭೀರವಾಗಿ, "ತಮ್ಮ ಮಾತನ್ನು ತಾಳ್ಮೆಯಿಂದ ಕೇಳಿದ್ದಕ್ಕೆ ಎಲ್ಲರಿಗೂ ಧನ್ಯವಾದ ಹೇಳುತ್ತಿದ್ದಾರೆ" ಎಂದು ಇಂಗ್ಲಿಷಿಗೆ ತಿರುಗಿಸಿದೆ.

"ಶೀ ಡಿಡ್ ನಾಟ್!" ಎಂದು ಇಂಚರ ಕುರ್ಚಿಯ ಮೇಲೆಯೇ ಎದ್ದು ನಿಂತಳು. ಹಾಲಿನ ಮೂಲೆಮೂಲೆಗೂ ಕೇಳುವ ಹಾಗೆ, ಅಪ್ಪಟ ಲಿಮೆರಿಕ್ ಉಚ್ಚಾರದಲ್ಲಿ ಅಜ್ಜಿಯ ಪ್ರಶ್ನೆಯನ್ನು ಅಕ್ಷರ ಬಿಡದೆ ಒಪ್ಪಿಸಿದಳು. ಕನ್ನಡ ಅವಳ ಬಾಯಿಗೆ ಬರುವುದಿಲ್ಲ. ಕಿವಿಗೆ ಮಾತ್ರ ಬೇಕಾದಾಗೆಲ್ಲ ಬರುತ್ತದೆ.

ಗಂಡಸರೆಲ್ಲ ಚಾವಣಿಯ ದೀಪಗಳನ್ನು ಪರೀಕ್ಷಿಸತೊಡಗಿದರು. ಒಬ್ಬರೇ ಇರುವ ಡೆಕ್ಲನ್ ಮಾತ್ರ ಬೇರೆ ಗತಿಯಿಲ್ಲದೆ ಕೈ ಎತ್ತಿದರು. ಅಧ್ಯಕ್ಷರು ಒಂಟಿಯಾಗಬಾರದಲ್ಲ ಎಂಬ ಸೌಜನ್ಯಕ್ಕೆ ನನ್ನ ಕೈಯೂ ಅರ್ಧ ಮೇಲೆದ್ದಿತು. ವೀಣಾ ತಿರುಗಿ ನೋಡಿದಳು. ಕೈ ಅಲ್ಲಿಂದಲೇ ದಾರಿ ಬದಲಿಸಿ ಕಿವಿ ಕೆರೆದುಕೊಂಡಿತು. ಹೆಂಗಸರ ಕಡೆಯಿಂದ ಎದ್ದ ನಗು ನಿಲ್ಲುವುದಕ್ಕೆ ಬಹಳ ಹೊತ್ತು ಹಿಡಿಯಿತು.

ರೂಲು ಅಂದೇ ತಿದ್ದುಪಡಿಯಾಯಿತು. ಬಾಲ್ಕನಿಯ ಕಂಬಿಯ ಎತ್ತರಕ್ಕಿಂತ ಕೆಳಗೆ, ಸ್ಟ್ಯಾಂಡಿನ ಮೇಲೆ, ಯಾರು ಬೇಕಾದರೂ ಬಟ್ಟೆ ಹರವಬಹುದು. ಈಫಾ ಚುನಾವಣೆಯಲ್ಲಿ ಗೆಲ್ಲಲಿಲ್ಲ. ಆದರೆ ನಮ್ಮ ಬಿಲ್ಡಿಂಗಿನ ಹೆಂಗಸರ ಓಟು ಅವಳನ್ನು ಬಿಟ್ಟು ಆಚೆ ಹೋಗಲಿಲ್ಲವೆಂದು ಕೇಳಿದ್ದೇನೆ. ಅತ್ತೆ ಟಿಕೆಟ್ಟಿನ ಮಾತೆತ್ತದೆ ವೀಸಾ ಮುಗಿಯುವವರೆಗೂ ಇದ್ದರು. ಬೆಳಿಗ್ಗೆ ಬಾಲ್ಕನಿಯಿಂದ ಬಗ್ಗಿ "ಗುಡ್ ಡ್ರೈಯಿಂಗ್!" ಎಂದು ಕೂಗುತ್ತಿದ್ದರು, ಕೆಳಗಿನಿಂದ ಡೆಕ್ಲನ್, "ಗ್ರ್ಯಾಂಡ್ ಡ್ರೈಯಿಂಗ್, ಲಲಿತಮ್ಮ!" ಎನ್ನುತ್ತಿದ್ದರು. ಹೊರಡುವ ದಿನ ನನ್ನನ್ನು ಕರೆದು, "ರಘು, ಇನ್ಮೇಲೆ ಬಟ್ಟೆ ನಿಮ್ಮ ಜವಾಬ್ದಾರಿ" ಎಂದು ಕ್ಲಿಪ್ಪಿನ ಚೀಲವನ್ನು ಕೈಗಿತ್ತರು. ಕ್ಲಾಸ್ ಮಾನಿಟರ್ ಆದಷ್ಟೇ ಹೆಮ್ಮೆಯಾಯಿತು.

ಈಗ ಕ್ಯಾಂಟೀನಿನಲ್ಲಿ ನನ್ನ ಮಾತಿಗೆ ತೂಕ ಬಂದಿದೆ. ಸಮಾನತೆ ಎನ್ನುವುದು ಕಾನೂನಿನಿಂದ ಬರುವುದಿಲ್ಲ, ನಾವೇ ಬಗ್ಗಿ ಬಕೆಟ್ ಎತ್ತಬೇಕು ಎಂದೆಲ್ಲ ಹೇಳುತ್ತೇನೆ. ಹೋದ ಶನಿವಾರ ಎಂದಿನಂತೆ ಬಟ್ಟೆಯನ್ನೆಲ್ಲ ಹರವಿ, ಒಳಗೆ ಬಂದು ಕಾಫಿ ಹಿಡಿದು ಕೂತಿದ್ದೆ. ಗಾಜಿನಾಚೆ ವೀಣಾ ಕಂಡಳು. ಒಂದೊಂದೇ ಬಟ್ಟೆಯನ್ನು ತೆಗೆದು, ಕೊಡವಿ, ಸುಕ್ಕು ಬಿಡಿಸಿ, ತಿರುಗಿಸಿ ಮತ್ತೆ ಹಾಕುತ್ತಿದ್ದಳು.

"ಏನೇ ಇದು? ದಿನಾ ಹೀಗೇ ಮಾಡ್ತೀಯಾ?" ಎಂದೆ.

"ಹೂಂರೀ. ಮುದ್ದೆ ಮಾಡಿ ಹಾಕಿದ್ರೆ ಒಣಗತ್ತಾ? ಮುಂಚೆ ಬರೀ ಹಾಕ್ತಿದ್ದೆ. ಈಗ ತೆಗೆದು ಹಾಕ್ಬೇಕು" ಎಂದಳು, ನನ್ನ ಉತ್ಸಾಹಕ್ಕೆ ಎಲ್ಲಿ ನೋವಾದೀತೋ ಎಂಬ ಮೆಲುದನಿಯಲ್ಲಿ.